ಅಂಗಡಿಯ ಮುದ್ರೆ, ಬಡಿಗನ ಕೈ

ಮರದ ಹಲಗೆಯನ್ನು ಹೆರೆದು ನುಣುಪಾಗಿಸುವ ಉಜ್ಜುಗೊರಡು ಬೀದರ ಸೀಮೆಯ ಬಡಿಗರ ಮಾತಿನಲ್ಲಿ ರಂದಾ. ನೋಡಲು ಸರಳವಾದ ಈ ಹತ್ಯಾರ ಮರಗೆಲಸದ ಚರಿತ್ರೆಯ ಬಹುಭಾಗವನ್ನು ತನ್ನ ಮೈಮೇಲೆಯೇ ಹೊತ್ತುಕೊಂಡಿರುತ್ತದೆ. ಗಟ್ಟಿ ಮರದ ಒಂದು ದಿಂಡು, ಅದರ ನಡುವೆ ಓರೆಯಾಗಿ ಕೊರೆದ ಬಾಯಿ, ಆ ಬಾಯಿಯೊಳಗೆ ಕೂರಿಸಿದ ಉಕ್ಕಿನ ಅಲಗು, ಅಲಗು ಕದಲದಂತೆ ಬಡಿದ ಮರದ ಬೆಣೆ, ಇಷ್ಟೇ ಅದರ ರಚನೆ. ಆದರೆ ಅಲಗು ಎಷ್ಟು ಓರೆಯಾಗಿರಬೇಕು, ಬಾಯಿ ಎಷ್ಟು ಕಿರಿದಾಗಿರಬೇಕು, ಬೆಣೆಯನ್ನು ಎಷ್ಟು ಬಿಗಿಯಬೇಕು ಎಂಬುದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಲಗೆ ನುಣುಪಾಗುವ ಬದಲು ಸಿಬಿರೆದ್ದು ಕೆಡುತ್ತದೆ. ಈ ಕಾರಣದಿಂದಲೇ ಯುರೋಪಿನಲ್ಲೂ ಅಮೆರಿಕದಲ್ಲೂ ಉಜ್ಜುಗೊರಡು ಮಾಡುವುದು ಸಾಮಾನ್ಯ ಬಡಿಗತನದಿಂದ ಬೇರ್ಪಟ್ಟು ಸ್ವತಂತ್ರ ಕಸುಬಾಯಿತು. ಕಸುಬು ಬೇರೆಯಾದ ಮೇಲೆ ಮಾಡುವವನಿಗೂ ಬಳಸುವವನಿಗೂ ನಡುವೆ ಮಾರುವವನೊಬ್ಬ ಬಂದು ನಿಂತನು. ಆ ಮಾರುವವನು ಯಾರು, ಅವನು ಎಲ್ಲಿದ್ದನು, ಅವನ ಹೆಸರಿನ ಹಿಂದೆ ಯಾರ ದುಡಿಮೆ ಇತ್ತು ಎಂಬುದನ್ನು ಹುಡುಕುವ ಕೆಲಸ ಅಮೆರಿಕದಲ್ಲಿ ಇಂದು ಒಂದು ಶಿಸ್ತಿನ ಅಧ್ಯಯನವಾಗಿ ಬೆಳೆದಿದೆ. ಅದರ ವಿಧಾನದಿಂದ ಕಲ್ಯಾಣದ ನಾಡೂ ಕಲಿಯಬೇಕಾದದ್ದು ಬಹಳವಿದೆ.

ಮುದ್ರೆಗಳ ಭಾಷೆ

ಹಳೆಯ ಮರದ ಉಜ್ಜುಗೊರಡಿನ ಮುಂತುದಿಯಲ್ಲಿ, ಅಂದರೆ ಕೆಲಸ ಮಾಡುವಾಗ ಹಲಗೆಯ ಮೇಲೆ ಮೊದಲು ಸಾಗುವ ಚಿಕ್ಕ ಮುಖದ ಮೇಲೆ, ಅಕ್ಷರಗಳನ್ನು ಅಚ್ಚೊತ್ತಿರುವುದು ವಾಡಿಕೆ. ಸಾಮಾನ್ಯವಾಗಿ ಒಂದೇ ಹತ್ಯಾರದ ಮೇಲೆ ಹಲವು ಹೆಸರುಗಳು ಸೇರಿಕೊಂಡಿರುತ್ತವೆ: ಮಾಡಿದವನ ಹೆಸರು, ಮಾರಿದವನ ಹೆಸರು, ಕೊಂಡು ಬಳಸಿದವನ ಹೆಸರು, ಅವನ ತರುವಾಯ ಅದು ಕೈಬದಲಾದಾಗ ಹೊಸ ಒಡೆಯರು ಒತ್ತಿಕೊಂಡ ಹೆಸರುಗಳು. ಇವುಗಳ ಜೊತೆಗೆ ಉಕ್ಕಿನ ಅಲಗಿನ ಮೇಲೆ ಅಲಗು ಮಾಡಿದವನ ಮುದ್ರೆ ಬೇರೆ ಇರುತ್ತದೆ. 19ನೆಯ ಶತಮಾನದ ನಡುಭಾಗದವರೆಗೂ ಅಮೆರಿಕದ ಗೊರಡುಗಳ ಅಲಗುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಶೆಫೀಲ್ಡ್ ನಗರದಿಂದ ಹಡಗೇರಿ ಬರುತ್ತಿದ್ದುದರಿಂದ, ಅಮೆರಿಕದ ಮರದ ದಿಂಡಿನೊಳಗೆ ಇಂಗ್ಲೆಂಡಿನ ಹೆಸರು ಕುಳಿತಿರುವುದು ಅಪರೂಪವೇನಲ್ಲ. ವಸಾಹತುಗಳಲ್ಲಿ ಹೊಸದಾಗಿ ಉಕ್ಕಿನ ಕುಲುಮೆಗಳನ್ನು ಕಟ್ಟಬಾರದೆಂದು ಬ್ರಿಟಿಷ್ ಸಂಸತ್ತು 1750ರಲ್ಲಿ ಮಾಡಿದ ಕಾಯ್ದೆಯೂ ಈ ಅವಲಂಬನೆಗೆ ಒತ್ತಾಸೆಯಾಗಿತ್ತು.

ಇಷ್ಟೊಂದು ಹೆಸರುಗಳ ನಡುವೆ ಯಾವುದು ಯಾರದೆಂದು ತಿಳಿಯಲು ಅಧ್ಯಯನಕಾರರು ಮೊದಲು ನೋಡುವುದು ಎಣಿಕೆಯನ್ನು. ಒಂದು ಹೆಸರು ಬೇರೆ ಬೇರೆ ಊರುಗಳಲ್ಲಿ ದೊರೆತ ಹಲವು ಗೊರಡುಗಳ ಮೇಲೆ, ಒಂದೇ ಜಾಗದಲ್ಲಿ, ಒಂದೇ ಅಚ್ಚಿನಿಂದ ಒತ್ತಿದಂತೆ ಕಂಡರೆ ಅದು ಮಾಡಿದವನದೋ ಮಾರಿದವನದೋ ಆಗಿರಬೇಕು. ಒಂದೆರಡರ ಮೇಲೆ ಮಾತ್ರ, ಅದೂ ಓರೆಕೋರೆಯಾಗಿ ಕಂಡರೆ ಅದು ಬಳಸಿದ ಬಡಿಗನದು. ಎರಡನೆಯದಾಗಿ ಗೊರಡಿನ ಆಕಾರವನ್ನು ನೋಡುತ್ತಾರೆ. 18ನೆಯ ಶತಮಾನದ ನ್ಯೂ ಇಂಗ್ಲೆಂಡ್ ಪ್ರಾಂತದ ಗೊರಡುಗಳು ಹಳದಿ ಬರ್ಚ್ ಎಂಬ ಚಳಿಸೀಮೆಯ ಮರದಿಂದ ಆಗಿದ್ದು, ಸುಮಾರು 10 ಅಂಗುಲ ಉದ್ದವಿದ್ದು, ಅವುಗಳ ಅಂಚುಗಳನ್ನು ಅಗಲವಾಗಿ ಚಪ್ಪಟೆಯಾಗಿ ಕೆತ್ತಿರುತ್ತಾರೆ. 1800ರ ಹೊತ್ತಿಗೆ ಬೀಚ್ ಎಂಬ ಇನ್ನೊಂದು ಮರ ರೂಢಿಗೆ ಬಂದು, ಉದ್ದ ಒಂಬತ್ತೂವರೆ ಅಂಗುಲಕ್ಕೆ ಇಳಿದು, ಅಂಚುಗಳು ಕಿರಿದಾಗಿ ದುಂಡಗಾಗುತ್ತವೆ. ಹೀಗೆ ಹೆಸರನ್ನು ಓದುವ ಮೊದಲೇ ಮರದ ಜಾತಿ, ಅಳತೆ ಮತ್ತು ಅಂಚಿನ ಕೆತ್ತನೆಯಿಂದ ಹತ್ಯಾರದ ಕಾಲವನ್ನು ಕೆಲವು ದಶಕಗಳ ಅಂತರದೊಳಗೆ ಗುರುತಿಸಬಹುದು.

ರೆಂಥಮ್‌ನ ಸೀಸರ್ ಚೆಲರ್

ಈ ವಿಧಾನದಿಂದ ಬೆಳಕಿಗೆ ಬಂದ ಹೆಸರುಗಳಲ್ಲಿ ಅತ್ಯಂತ ಮನಮುಟ್ಟುವ ಹೆಸರು ಸೀಸರ್ ಚೆಲರ್‌ನದು. ಮ್ಯಾಸಚೂಸೆಟ್ಸ್ ಪ್ರಾಂತದ ರೆಂಥಮ್ ಎಂಬ ಸಣ್ಣ ಊರಿನಲ್ಲಿದ್ದ ಫ್ರಾನ್ಸಿಸ್ ನಿಕಲ್ಸನ್ ಅಮೆರಿಕದಲ್ಲಿ ಹೆಸರಿನ ಸಮೇತ ತಿಳಿದುಬಂದಿರುವ ಗೊರಡು ತಯಾರಕರಲ್ಲಿ ಎಲ್ಲರಿಗಿಂತ ಹಿಂದಿನವನು. ತನ್ನ ಹೆಸರಿನೊಡನೆ ತಾನು ರೆಂಥಮ್ ನಿವಾಸಿಯೆಂಬ ಮಾತನ್ನೂ ಅವನು ಗೊರಡುಗಳ ಮೇಲೆ ಒತ್ತುತ್ತಿದ್ದನು. ಚೆಲರ್ ಅವನ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕ ಮೂಲದ ಕುಶಲಕರ್ಮಿ. ನಿಕಲ್ಸನ್ 1753ರಲ್ಲಿ ತೀರಿಕೊಂಡಾಗ ಅವನ ಮರಣಶಾಸನವು ಚೆಲರ್‌ಗೆ ಬಿಡುಗಡೆ ನೀಡಿದ್ದಲ್ಲದೆ, ಕೆಲಸದ ಮೇಜು, ಹತ್ಯಾರಗಳು, ಕೆಲಸಕ್ಕೆ ಬೇಕಾದ ಮರ ಮತ್ತು ಕಬ್ಬಿಣ, ಹತ್ತು ಎಕರೆ ಭೂಮಿ ಇಷ್ಟನ್ನೂ ಬಿಟ್ಟುಕೊಟ್ಟಿತು. ಅಲ್ಲಿಂದ 1784ರಲ್ಲಿ ತಾನು ಸಾಯುವವರೆಗೆ ಚೆಲರ್ ತನ್ನದೇ ಹೆಸರಿನ ಅಚ್ಚಿನಿಂದ, ತಾನೂ ರೆಂಥಮ್ ನಿವಾಸಿಯೆಂದು ಸಾರುತ್ತ, ಗೊರಡುಗಳನ್ನು ಮಾಡಿ ಮಾರಿದನು.

ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಗಿರಿಯ ಅಡಿಪಾಯ ನ್ಯಾಯಾಲಯದ ತೀರ್ಪುಗಳಿಂದ ಕುಸಿದದ್ದು 1783ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ, ಕಪ್ಪು ಜನರ ಹೆಸರುಗಳು ಆಸ್ತಿಪಟ್ಟಿಗಳಲ್ಲಿ ಜಾನುವಾರುಗಳ ಜೊತೆ ಬರುತ್ತಿದ್ದ ಕಾಲದಲ್ಲಿ, ಒಬ್ಬ ಮನುಷ್ಯನು ತನ್ನ ಹೆಸರನ್ನೂ ಊರನ್ನೂ ತಾನು ಮಾಡಿದ ವಸ್ತುವಿನ ಮೇಲೆ ಒತ್ತಿದನೆಂಬುದು ಸಣ್ಣ ಸಂಗತಿಯಲ್ಲ. ಮರಣಶಾಸನ, ಚರ್ಚಿನ ದಾಖಲೆ, ಆಸ್ತಿಪಟ್ಟಿ ಇವು ಅವನ ಬದುಕಿನ ಚೌಕಟ್ಟನ್ನು ಕೊಡುತ್ತವೆ. ಆದರೆ ಆ ದಾಖಲೆಗಳನ್ನು ಹುಡುಕಬೇಕೆಂದು ಇಪ್ಪತ್ತನೆಯ ಶತಮಾನದ ಸಂಗ್ರಾಹಕರಿಗೆ ತೋಚಿದ್ದೇ ಗೊರಡುಗಳ ಮೇಲೆ ಆ ಹೆಸರು ಮತ್ತೆ ಮತ್ತೆ ಕಂಡದ್ದರಿಂದ. ಇಂದು ಚೆಲರ್‌ನ ಗೊರಡುಗಳು ವಸ್ತುಸಂಗ್ರಹಾಲಯಗಳ ಹೆಮ್ಮೆಯ ಸಂಪತ್ತಾಗಿವೆ.

ಅಂಗಡಿಯವನ ಜಾಡು

ತಯಾರಕನಿಗಿಂತ ವ್ಯಾಪಾರಿಯನ್ನು ಪತ್ತೆಮಾಡುವುದು ಕಷ್ಟ, ಏಕೆಂದರೆ ಅವನ ಹೆಸರು ತಯಾರಕನ ಹೆಸರಿನಂತೆಯೇ ಕಾಣುತ್ತದೆ. ಕಬ್ಬಿಣದ ಸಾಮಾನು, ಮೊಳೆ, ಬೀಗ, ಗರಗಸ, ಉಳಿ ಮುಂತಾದವುಗಳನ್ನು ಮಾರುವ ಹಾರ್ಡ್‌ವೇರ್ ಅಂಗಡಿಯವನು ಗೊರಡುಗಳನ್ನು ಸಗಟಾಗಿ ತರಿಸುವಾಗ ತನ್ನ ಹೆಸರನ್ನೇ ಒತ್ತಿಸಿಕೊಡಬೇಕೆಂದು ತಯಾರಕನನ್ನು ಕೇಳುವುದು ರೂಢಿಯಾಗಿತ್ತು. ಕೊಂಡವನಿಗೆ ಸಾಮಾನು ಹಿಡಿಸಿದರೆ ಅವನು ಮತ್ತೆ ಅದೇ ಅಂಗಡಿಗೆ ಬರುವನೆಂಬುದು ಇದರ ಹಿಂದಿನ ಲೆಕ್ಕಾಚಾರ. ಹೀಗಾಗಿ ಮುದ್ರೆಯನ್ನು ನೋಡಿ ಇವನೇ ಮಾಡಿದವನೆಂದು ನಂಬಿದ ಎಷ್ಟೋ ಹೆಸರುಗಳು ಆಮೇಲೆ ಅಂಗಡಿಕಾರರದೆಂದು ಗೊತ್ತಾದವು.

ಈ ಗೊಂದಲವನ್ನು ಬಿಡಿಸಲು ನೆರವಾಗುವ ಮೊದಲ ಆಧಾರ ನಗರಗಳ ವಿಳಾಸಪುಸ್ತಕಗಳು, ಅಂದರೆ ನಿವಾಸಿಗಳ ಹೆಸರು, ಕಸುಬು ಮತ್ತು ಬೀದಿಯನ್ನು ಅಕ್ಷರಾನುಕ್ರಮದಲ್ಲಿ ಕೊಡುವ ಮುದ್ರಿತ ಪಟ್ಟಿಗಳು. ಇಂಥ ಪುಸ್ತಕ ಫಿಲಡೆಲ್ಫಿಯದಲ್ಲಿ 1785ರಲ್ಲಿಯೂ ನ್ಯೂಯಾರ್ಕಿನಲ್ಲಿ 1786ರಲ್ಲಿಯೂ ಬಾಸ್ಟನ್ನಿನಲ್ಲಿ 1789ರಲ್ಲಿಯೂ ಮೊದಲು ಬಂದಿತು. ಅದರಲ್ಲಿ ಒಬ್ಬನು ಗೊರಡು ತಯಾರಕನೆಂದು ದಾಖಲಾಗಿದ್ದಾನೋ ಹಾರ್ಡ್‌ವೇರ್ ವ್ಯಾಪಾರಿಯೆಂದೋ, ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಬೀದಿಯಲ್ಲಿದ್ದನು, ಯಾವಾಗ ಪಾಲುದಾರನನ್ನು ಸೇರಿಸಿಕೊಂಡನು ಎಂಬುದೆಲ್ಲ ವರ್ಷವರ್ಷದ ಪುಸ್ತಕಗಳನ್ನು ಸಾಲಾಗಿಟ್ಟು ನೋಡಿದರೆ ತಿಳಿಯುತ್ತದೆ. ಮುದ್ರೆಯಲ್ಲಿ ಬೀದಿಯ ಹೆಸರೋ ಪಾಲುದಾರನ ಹೆಸರೋ ಇದ್ದರೆ ಆ ಗೊರಡು ಮಾರಾಟವಾದ ಕಾಲವೂ ಇದರಿಂದ ಖಚಿತವಾಗುತ್ತದೆ.

ಎರಡನೆಯ ಆಧಾರ ಪತ್ರಿಕೆಗಳ ಜಾಹೀರಾತು. ಫಿಲಡೆಲ್ಫಿಯದ ತಯಾರಕ ಸ್ಯಾಮ್ಯುಯೆಲ್ ಕ್ಯಾರುದರ್ಸ್ 1767ರಲ್ಲಿ ಜೋಡಿ ಅಲಗಿನ ಗೊರಡುಗಳನ್ನು ಮಾರುವುದಾಗಿ ಪ್ರಕಟಿಸಿದ ಜಾಹೀರಾತು ಈ ಅಧ್ಯಯನದಲ್ಲಿ ಬಹಳ ಪ್ರಸಿದ್ಧವಾದದ್ದು. ಹೆರೆಯುವ ಅಲಗಿನ ಮೇಲೆ ಇನ್ನೊಂದು ಉಕ್ಕಿನ ತಗಡನ್ನು ಕೂರಿಸಿದರೆ ಮೇಲೇಳುವ ಹೆರೆ ಅಲ್ಲಲ್ಲೇ ಮುರಿಯುವುದರಿಂದ, ಎಳೆಗಳು ಅಡ್ಡಾದಿಡ್ಡಿಯಾದ ಮರವೂ ಸಿಬಿರೇಳದೆ ನುಣುಪಾಗುತ್ತದೆ. ಇಂದಿಗೂ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುವ ಕೈಗೊರಡುಗಳಲ್ಲಿ ಇರುವ ಈ ಸುಧಾರಣೆಯು ಆ ಕಾಲಕ್ಕೆ ಅಮೆರಿಕದ ಮಾರುಕಟ್ಟೆಗೆ ಬಂದಿತ್ತೆಂದು ತಿಳಿಯುವುದು ಪತ್ರಿಕೆಯ ಆ ಕೆಲವು ಸಾಲುಗಳಿಂದ.

ಮೂರನೆಯ ಆಧಾರ ಖರೀದಿಯ ಪಟ್ಟಿಗಳು. ಇದಕ್ಕೆ ಅತ್ಯುತ್ತಮ ನಿದರ್ಶನ ಇಂಗ್ಲೆಂಡಿನದು. ಕೆಂಟ್ ಪ್ರಾಂತದ ಚಾಥಮ್ ಊರಿನ ತಂದೆಯೊಬ್ಬನು 1796ರಲ್ಲಿ ತನ್ನ ಮಗ ಬೆಂಜಮಿನ್ ಸೀಟನ್‌ಗಾಗಿ ಲಂಡನ್ನಿನ ಹತ್ಯಾರ ವ್ಯಾಪಾರಿ ಕ್ರಿಸ್ಟಫರ್ ಗೇಬ್ರಿಯಲ್‌ನಿಂದ ಬಡಿಗನಿಗೆ ಬೇಕಾದ ಪೂರ್ಣ ಸಲಕರಣೆಗಳನ್ನು ಕೊಂಡನು. ಮಗನು ಅವನ್ನಿಡಲು ಅಂದವಾದ ಪೆಟ್ಟಿಗೆಯೊಂದನ್ನು ಮಾಡಿ, ಹತ್ಯಾರಗಳ ಬೆಲೆಸಹಿತವಾದ ಪಟ್ಟಿಯನ್ನೂ ಅದರಲ್ಲಿಟ್ಟನು. ಆ ಪೆಟ್ಟಿಗೆ, ಬಹುಪಾಲು ಹತ್ಯಾರಗಳು ಮತ್ತು ಆ ಪಟ್ಟಿ ರೋಚೆಸ್ಟರ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಒಟ್ಟಿಗೆ ಉಳಿದಿವೆ. ಗೇಬ್ರಿಯಲ್ ಸ್ವತಃ ಗೊರಡು ತಯಾರಕನೂ ಹೌದು, ಬೇರೆಯವರು ಮಾಡಿದ ಉಳಿ, ಗರಗಸಗಳನ್ನು ಮಾರುವ ವ್ಯಾಪಾರಿಯೂ ಹೌದು ಎಂಬುದು ಈ ಒಂದು ಪೆಟ್ಟಿಗೆಯಿಂದ ನಿಸ್ಸಂದೇಹವಾಗಿ ತಿಳಿಯುತ್ತದೆ.

ಅಮೆರಿಕದ ಮಟ್ಟಿಗೆ ಇನ್ನೊಂದು ಅಪೂರ್ವ ಆಕರವಿದೆ. 1841ರಲ್ಲಿ ಲೂಯಿಸ್ ಟ್ಯಾಪನ್ ಎಂಬಾತ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಸಂಸ್ಥೆಯೊಂದು ದೇಶದ ಊರೂರಿನ ವ್ಯಾಪಾರಿಗಳಿಗೆ ಸಾಲ ಕೊಡಬಹುದೋ ಬಾರದೋ ಎಂಬುದನ್ನು ಸ್ಥಳೀಯ ವರದಿಗಾರರಿಂದ ತಿಳಿದು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಬರೆದಿಡುತ್ತಿತ್ತು. ಮುಂದೆ ಆರ್. ಜಿ. ಡನ್ ಕಂಪನಿಯ ಹೆಸರಿನಲ್ಲಿ ಮುಂದುವರಿದ ಈ ದಾಖಲೆಗಳ ಎರಡು ಸಾವಿರಕ್ಕೂ ಹೆಚ್ಚು ಸಂಪುಟಗಳು ಈಗ ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿವೆ. ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯವನ ಬಂಡವಾಳ, ನಡತೆ, ಸಾಲ, ದಿವಾಳಿ ಇವೆಲ್ಲವೂ ಅವುಗಳಲ್ಲಿ ದಾಖಲಾಗಿರುವುದರಿಂದ, ಮರದ ಮೇಲಿನ ಎರಡು ಸಾಲಿನ ಮುದ್ರೆ ಒಬ್ಬ ಮನುಷ್ಯನ ಬದುಕಾಗಿ ಬಿಚ್ಚಿಕೊಳ್ಳುವುದು ಸಾಧ್ಯವಾಗಿದೆ.

ಈ ಚದುರಿದ ಶೋಧಗಳನ್ನು ಒಂದೆಡೆ ಸೇರಿಸಿದವರು ಬಹುಮಟ್ಟಿಗೆ ಹವ್ಯಾಸಿಗಳು. ಹಳೆಯ ಕಸುಬುಗಳನ್ನು ಅಭ್ಯಾಸ ಮಾಡುವ ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್ 1933ರಲ್ಲಿ ಆರಂಭವಾಯಿತು. ಎಮಿಲ್ ಮತ್ತು ಮಾರ್ಟಿಲ್ ಪೊಲಾಕ್ ದಂಪತಿಗಳು ಅಮೆರಿಕದ ಮರದ ಗೊರಡುಗಳ ತಯಾರಕರು ಮತ್ತು ವ್ಯಾಪಾರಿಗಳ ಕೈಪಿಡಿಯನ್ನು 1983ರಲ್ಲಿ ಪ್ರಕಟಿಸಿದರು. ಹೊಸ ಮುದ್ರೆ ಸಿಕ್ಕಂತೆಲ್ಲ ಅದರ ಮುಂದಿನ ಆವೃತ್ತಿಗಳು ಬೆಳೆಯುತ್ತ ಹೋದವು.

ಹೆಸರಿನ ಹಿಂದೆ ಮರೆಯಾದ ಕೈಗಳು

19ನೆಯ ಶತಮಾನ ಮುಂದುವರಿದಂತೆ ಗೊರಡು ತಯಾರಿಕೆ ಒಬ್ಬ ಕಸುಬುದಾರನ ಮನೆಯಿಂದ ಕಾರ್ಖಾನೆಗೆ ಹೋಯಿತು. ಕನೆಕ್ಟಿಕಟ್ ರಾಜ್ಯದಲ್ಲಿ ಹರ್ಮನ್ ಚೇಪಿನ್ 1820ರ ದಶಕದಲ್ಲಿ ಆರಂಭಿಸಿದ ಯೂನಿಯನ್ ಫ್ಯಾಕ್ಟರಿಯಂಥ ಕಾರ್ಖಾನೆಗಳು ಬಗೆಬಗೆಯ ಗೊರಡುಗಳಿಗೆ ಸಂಖ್ಯೆ ಕೊಟ್ಟು, ಬೆಲೆಪಟ್ಟಿ ಅಚ್ಚು ಹಾಕಿಸಿ, ದೂರದ ಅಂಗಡಿಗಳಿಗೆ ಕಳುಹಿಸುತ್ತಿದ್ದವು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಸೆರೆಮನೆಯಲ್ಲಿ ಕೈದಿಗಳ ದುಡಿಮೆಯನ್ನು ಗುತ್ತಿಗೆ ಹಿಡಿದ ಉದ್ಯಮಿಗಳು ಅವರಿಂದ ಗೊರಡುಗಳನ್ನು ಮಾಡಿಸುತ್ತಿದ್ದರು. ಅವುಗಳ ಮೇಲೆ ಗುತ್ತಿಗೆದಾರನ ಅಥವಾ ಅಂಗಡಿಯವನ ಹೆಸರು ಇರುತ್ತಿತ್ತೇ ಹೊರತು, ಮರ ಕೊರೆದು ಬೆಣೆ ಕೂರಿಸಿದ ಕೈದಿಯ ಹೆಸರು ಇರುತ್ತಿರಲಿಲ್ಲ. ಗುಲಾಮನಾಗಿದ್ದ ಚೆಲರ್‌ನ ಹೆಸರು ಉಳಿದ ದೇಶದಲ್ಲೇ, ಅವನ ನಂತರದ ತಲೆಮಾರುಗಳ ನೂರಾರು ದುಡಿಮೆಗಾರರು ಹೆಸರಿಲ್ಲದೆ ಮರೆಯಾದರು. 1827ರಲ್ಲಿ ಹೆಜರ್ಡ್ ನೋಲ್ಸ್ ಎರಕದ ಕಬ್ಬಿಣದ ಗೊರಡಿಗೆ ಪೇಟೆಂಟ್ ಪಡೆದನು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಲೆನರ್ಡ್ ಬೇಯ್ಲಿಯ ಪೇಟೆಂಟುಗಳನ್ನು ಕೊಂಡ ಮೇಲೆ ಕಬ್ಬಿಣದ ಗೊರಡೇ ಬರಬರುತ್ತ ಎಲ್ಲೆಡೆ ಹರಡಿತು. ಊರೂರಿನ ಮುದ್ರೆಗಳ ಜಾಗವನ್ನು ಕೆಲವೇ ಕಂಪನಿಗಳ ಹೆಸರು ಆಕ್ರಮಿಸಿತು.

ಮಾರುವವನ ಹೆಸರು ಮಾಡುವವನ ಹೆಸರನ್ನು ನುಂಗುವ ಈ ಪ್ರಕ್ರಿಯೆ ದಖ್ಖನಿಗೂ ಹೊಸದಲ್ಲ. ಮೂಸೆಯಲ್ಲಿ ಕರಗಿಸಿ ಮಾಡುವ ಶ್ರೇಷ್ಠ ಉಕ್ಕು ಇಂದಿನ ಕರ್ನಾಟಕ, ತೆಲಂಗಾಣ ಮತ್ತು ತಮಿಳುನಾಡಿನ ಕುಲುಮೆಗಳಲ್ಲಿ ಶತಮಾನಗಳ ಕಾಲ ತಯಾರಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅದರ ಮೂಸೆಗಳ ಅವಶೇಷಗಳು ದೊರೆತಿವೆ, ತೆಲಂಗಾಣದ ಕೋನಸಮುದ್ರಂ ಅದರ ಪ್ರಸಿದ್ಧ ಕೇಂದ್ರವಾಗಿತ್ತು. ಪರ್ಷಿಯಾದ ವ್ಯಾಪಾರಿಗಳು ಈ ಉಕ್ಕನ್ನು ಕೊಂಡೊಯ್ದು ಕತ್ತಿಗಳಾಗಿಸಿದ ಮೇಲೆ ಜಗತ್ತು ಅದನ್ನು ದಮಾಸ್ಕಸ್ ಉಕ್ಕೆಂದು ಕರೆಯಿತು. 1790ರ ದಶಕದಲ್ಲಿ ಅದರ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿ ವಿಜ್ಞಾನಿಗಳ ಪರೀಕ್ಷೆಗೆ ಒಳಗಾದವು. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಎಂಬ ಶಸ್ತ್ರಕಾರ ಅದರಿಂದ ಅಲಗುಗಳನ್ನು ಮಾಡಿ ಬಹಳವಾಗಿ ಮೆಚ್ಚಿದನು. ಮಾದರಿ ಕಳುಹಿಸಿದವರ, ಪರೀಕ್ಷಿಸಿದವರ, ಮಾರಿದವರ ಹೆಸರುಗಳೆಲ್ಲ ಗ್ರಂಥಗಳಲ್ಲಿವೆ. ಕುಲುಮೆಯ ಮುಂದೆ ಬೆಂದ ಕಮ್ಮಾರನ ಹೆಸರು ಅವುಗಳಲ್ಲಿಲ್ಲ.

ಕಲ್ಯಾಣದ ನಾಡಿನಲ್ಲಿ

ಬಸವಕಲ್ಯಾಣ, ಹುಮನಾಬಾದ, ಹಳ್ಳಿಖೇಡ (ಬಿ) ಊರುಗಳಿರುವ ಈ ಸೀಮೆಯಲ್ಲಿ ಹತ್ಯಾರಗಳ ಮೇಲೆ ಮುದ್ರೆ ಕಾಣುವುದು ವಿರಳವಾಗಿದ್ದರೆ ಅದಕ್ಕೆ ಕಾರಣ ಇಲ್ಲಿನ ಆರ್ಥಿಕ ವ್ಯವಸ್ಥೆಯಲ್ಲಿದೆ. ಆಯದ ಪದ್ಧತಿಯಲ್ಲಿ ಊರಿನ ಬಡಿಗನು ರಂಟೆ, ಕುಂಟೆ, ಕೂರಿಗೆ, ಬಂಡಿಗಳನ್ನು ಮಾಡಿ ರಿಪೇರಿ ಮಾಡಿಕೊಡುತ್ತಿದ್ದನು. ಅವನ ಬಾಚಿ, ಉಳಿಗಳನ್ನು ಊರಿನ ಕಮ್ಮಾರನೇ ಹದಗೊಳಿಸುತ್ತಿದ್ದನು. ಇಬ್ಬರಿಗೂ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಮಾಡುವವನೂ ಬಳಸುವವನೂ ಒಂದೇ ಊರಿನ ನೆರೆಹೊರೆಯವರಾದಾಗ ನಡುವೆ ವ್ಯಾಪಾರಿಗೂ ಜಾಗವಿಲ್ಲ, ಹೆಸರು ಒತ್ತುವ ಅಗತ್ಯವೂ ಇಲ್ಲ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಬಂದು, ಕಾರ್ಖಾನೆಯ ಅಲಗು, ಸಿದ್ಧ ಗೊರಡು ಕೈಗೆಟುಕಿದ ಮೇಲೆಯೇ ಇಲ್ಲಿಯೂ ಕಂಪನಿಯ ಹೆಸರು ಹತ್ಯಾರವನ್ನೇರಿತು. ಈಗ ಟ್ರ್ಯಾಕ್ಟರು, ಕಬ್ಬಿಣದ ಸಲಕರಣೆ, ಸಿದ್ಧ ಬಾಗಿಲು, ವಿದ್ಯುತ್ತಿನ ರಂದಾ ಇವುಗಳ ಮುಂದೆ ಆ ಹಳೆಯ ಕಸುಬು ಕುಗ್ಗುತ್ತಿದೆ.

ಆದರೂ ದುಡಿಯುವವನ ಹೆಸರನ್ನು ಉಳಿಸಿಕೊಳ್ಳುವುದರಲ್ಲಿ ಈ ನಾಡು ಜಗತ್ತಿಗೇ ಮೇಲ್ಪಂಕ್ತಿ ಹಾಕಿಕೊಟ್ಟಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಕಾಯಕವನ್ನು, ಅಂದರೆ ಶುದ್ಧ ಮನಸ್ಸಿನಿಂದ ಮಾಡುವ ದುಡಿಮೆಯನ್ನು, ಪೂಜೆಗೆ ಸಮವೆಂದು ತಿಳಿದಿದ್ದರಿಂದ ತಮ್ಮ ಕಸುಬನ್ನು ಹೆಸರಿನೊಡನೆಯೇ ಇಟ್ಟುಕೊಂಡರು. ಮರ ಕೆತ್ತುವ ಬಾಚಿಯೇ ಗುರುತಾದ ಬಾಚಿಕಾಯಕದ ಬಸವಯ್ಯ, ಬಿದಿರಿನ ಕೆಲಸದ ಮೇದರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆಯ ಹೊರೆ ಮಾರಿ ಬದುಕಿದ ಮೋಳಿಗೆ ಮಾರಯ್ಯ ಇವರೆಲ್ಲ ವಚನಕಾರರು. ಮಾರಯ್ಯನ ನೆನಪಿನ ನೆಲೆ ಹುಮನಾಬಾದ ತಾಲೂಕಿನ ಮೊಳಕೇರಾ ಗ್ರಾಮದಲ್ಲಿಯೇ ಇದೆ. ರೆಂಥಮ್‌ನ ಚೆಲರ್ ತನ್ನ ಹೆಸರನ್ನು ಮರದ ಮೇಲೆ ಒತ್ತುವುದಕ್ಕೆ ಆರು ನೂರು ವರ್ಷ ಮೊದಲು ಕಲ್ಯಾಣದ ಬಡಿಗನೊಬ್ಬ ತನ್ನ ಹತ್ಯಾರವನ್ನೇ ಹೆಸರಾಗಿಸಿಕೊಂಡು ಸಾಹಿತ್ಯದಲ್ಲಿ ನಿಂತನು.

ಅಂಥ ಪರಂಪರೆಯ ನೆಲದಲ್ಲಿ ಇತ್ತೀಚಿನ ನೂರು ವರ್ಷಗಳ ಬಡಿಗರು, ಕಮ್ಮಾರರು, ಕಬ್ಬಿಣದ ಸಾಮಾನಿನ ವ್ಯಾಪಾರಿಗಳು ದಾಖಲೆಯಿಲ್ಲದೆ ಮರೆಯಾಗುವುದು ಸಲ್ಲದು. ಮುದ್ರೆಯನ್ನು ಓದುವ ಪರಿಪಾಠ ಕನ್ನಡಿಗರಿಗೆ ಅಪರಿಚಿತವೂ ಅಲ್ಲ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯ ಹೆಂಚುಗಳು ಎಲ್ಲೆಲ್ಲಿಗೆ ಹೋದವೆಂಬುದನ್ನು ಇಂದಿಗೂ ಅವುಗಳ ಬೆನ್ನಿನ ಅಕ್ಷರಗಳಿಂದಲೇ ಗುರುತಿಸುತ್ತಾರೆ. ಬೀದರ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಇಲ್ಲಿನ ಹಳೆಯ ಕಾಗದಪತ್ರಗಳು ಉರ್ದುವಿನಲ್ಲಿ, ಮೋಡಿ ಲಿಪಿಯಲ್ಲಿ, ಕನ್ನಡದಲ್ಲಿ ಹಂಚಿಹೋಗಿವೆ. ಮೋಡಿಯನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಅಟ್ಟದ ಮೇಲಿನ ಹಳೆಯ ರಂದಾ, ಬಾಚಿ, ಉಳಿಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳ ಮೇಲಿನ ಅಕ್ಷರಗಳ ಫೋಟೊ ತೆಗೆದಿಡಬೇಕು; ಅವುಗಳನ್ನು ಯಾರು ಬಳಸಿದರು, ಎಲ್ಲಿ ಕೊಂಡರು, ಅಲಗನ್ನು ಯಾರು ಹದಗೊಳಿಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ಹಳೆಯ ಅಂಗಡಿಗಳ ಖಾತೆ ಪುಸ್ತಕ, ರಸೀದಿ, ಬೆಲೆಪಟ್ಟಿಗಳನ್ನು ರದ್ದಿಗೆ ಹಾಕದೆ ಕಾಪಾಡಬೇಕು. ಶಾಲೆ ಕಾಲೇಜುಗಳ ಇತಿಹಾಸದ ಅಧ್ಯಾಪಕರು ಇದನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಬಹುದು, ಏಕೆಂದರೆ ಇದಕ್ಕೆ ಹಣಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು. ಅಮೆರಿಕದಲ್ಲಿ ಈ ಕೆಲಸವನ್ನು ನಡೆಸಿದವರು ಹೆಚ್ಚಾಗಿ ಸಾಮಾನ್ಯ ಆಸಕ್ತರು. ಕಲ್ಯಾಣದ ನಾಡಿನ ಓದುಗರೂ ತಮ್ಮ ತಮ್ಮ ಊರಿನಲ್ಲಿ ಅದನ್ನು ಈಗಲೇ ಕೈಗೆತ್ತಿಕೊಳ್ಳಬೇಕು.